ಕೆಂಪು ಬಂದ ಹೊಲ

ಮಂಗಳವಾರ ಬೆಳಿಗ್ಗೆ ಹತ್ತೂಕಾಲಿಗೆ ನಾನು ಹದಿನಾರು ಎಂಬ ಊರಿನಾಚೆ, ರಸ್ತೆಗೆ ತಾಗಿದ ಚಿಕ್ಕತಾಯಮ್ಮನ ಅರಿಶಿನದ ಹೊಲದ ಬದುವಿನ ಮೇಲೆ ನಿಂತಿದ್ದೆ. ನಂಜನಗೂಡಿನ ಬಸ್ಸಿಗೆ ಇನ್ನೂ ಹೊತ್ತಿತ್ತು. ಅರಿಶಿನ ಕೊಳ್ಳುವ ಕಂಪನಿಯ ಮಹೇಶ್ ಫೋನು ಹಿಡಿದು ಹೊಲವನ್ನು ಒಂದು ಸುತ್ತು ನಡೆದು ಬಂದರು. ಕಾಡು ಕಡಿದ ಜಾಗದ ಬೆಳೆಯನ್ನು ಕಂಪನಿ ಕೊಳ್ಳುವುದಿಲ್ಲ. ಉಪಗ್ರಹದ ಹಳೆಯ ಚಿತ್ರ ನೋಡಿ ಫೋನು ತೀರ್ಪು ಹೇಳುತ್ತದೆ: ಕೊಳ್ಳಬಹುದಾದರೆ ಹಸಿರು, ಕೊಳ್ಳಬಾರದಾದರೆ ಕೆಂಪು. ಕೆಂಪು ಬಂತು.

“ಕಾಡಾ? ನಾನೇ ನೀರು ಒತ್ತು ಬೆಳ್ಸಿದ ಹೆಬ್ಬೇವು ಕಣಪ್ಪ. ಬಲಿತ್ಮೇಲೆ ಪ್ಲೈವುಡ್‌ನೋರಿಗೆ ಕೊಟ್ಟು ಅರಿಸ್ನ ಆಕಿದೀನಿ” ಎಂದಳು ಚಿಕ್ಕತಾಯಮ್ಮ.

“ಮೇಲಿಂದ ನೋಡುದ್ರೆ ಕಾಡು ಕಡ್ದಂಗೇ ಕಾಣ್ತದಮ್ಮ.”

ಪಕ್ಕದ ಹೊಲದ ಸಿದ್ದರಾಜುವಿಗೆ ಹಸಿರು ಬಂದಿತ್ತು. ಅವನು ಒಂದು ಗಿಡವನ್ನೂ ನೆಟ್ಟವನಲ್ಲ. “ಸೋಂಬೇರಿಗೆ ಸಿಕ್ಕಿದ ಅಸ್ರು ಕಣಕ್ಕೋ” ಎಂದು ನಕ್ಕ.

ಚಿಕ್ಕತಾಯಮ್ಮ ನಗಲಿಲ್ಲ. “ಅಂಗಾರೆ ಮರ ಬೆಳುಸ್ದೆ ಇದ್ದಿದ್ರೆ ನನ್ ಅರಿಸ್ನ ತಕ್ಕೊತಿದ್ರಾ ಸಾ?”

ಮಹೇಶ್ ಫೋನು ನೋಡಿದರು, ಹೊಲ ನೋಡಿದರು. “ತಕ್ಕೊತಿದ್ವಿ” ಎಂದರು, ಮೆಲ್ಲಗೆ.

ಆಕೆ ಅರಿಶಿನದ ಎಲೆ ಸರಿಸಿ ಮರದ ಬುಡಗಳನ್ನು ತೋರಿಸಿದಳು. ಹಗ್ಗ ಹಿಡಿದು ನೆಟ್ಟ ನೇರ ಸಾಲು. ಯಾವ ಕಾಡೂ ಹಾಗೆ ಬೆಳೆಯುವುದಿಲ್ಲ. ಮಹೇಶ್ ಫೋಟೊ ತೆಗೆದರು. ಅದನ್ನು ಸೇರಿಸಲು ಫೋನಿನಲ್ಲಿದ್ದ ಕಂಪನಿಯ ನಮೂನೆಯಲ್ಲಿ ಜಾಗವಿರಲಿಲ್ಲ.

ಮೂರು ಬುಡಗಳು ಚಿಗುರಿದ್ದವು. “ಇವು ಮತ್ತೆ ಮರವಾದ್ರೆ ಕಾಡು ಅಂತೀರ. ಕಿತ್ರೆ ಕಾಡು ಕಡುದ್ಲು ಅಂತೀರ. ಈಗ ಕೀಳ್ಲಾ, ಬಿಡ್ಲಾ?”

ಆ ಸಾಲನ್ನು ಕಣ್ಣಾರೆ ಕಂಡವರು ಚಿಕ್ಕತಾಯಮ್ಮ, ಸಿದ್ದರಾಜು, ಮಹೇಶ್ ಮತ್ತು ನಾನು. ನಾಲ್ವರೂ ಬದುಕಿದ್ದೇವೆ, ಯಾರಾದರೂ ಕೇಳಿದರೆ ಸಾಕ್ಷಿ ಹೇಳುತ್ತೇವೆ. ನಾನು ಬಸ್ಸು ಹತ್ತುವಾಗ ಚಿಗುರೂ ಇತ್ತು.