ಮಂಗಮ್ಮನ ಹಿಂದಿನ ಸೀಟು

ಮಂಗಮ್ಮನನ್ನು ನೋಡೋದಕ್ಕೆ ಗಂಗಾಧರಯ್ಯ ಕೋಣನಕುಂಟೆಗೆ ಬಂದ ದಿನ ಅವನ ಬಾಯಿಂದ ಬಿದ್ದದ್ದು ಎರಡೇ ಮಾತು. ಒಂದು, "ಉಪ್ಪಿಟ್ಟು ಚೆನ್ನಾಗಿದೆ." ಇನ್ನೊಂದು, "ನಾನು ಮೋಟರ್ ಸೈಕಲ್ ತಗೋತೀನಿ. ಮದುವೆ ಆದ್ಮೇಲೆ ತವರಿಗೆ ಅದರ ಮೇಲೇ ಕರ್ಕೊಂಡ್ ಬರ್ತೀನಿ." ಉಪ್ಪಿಟ್ಟನ್ನು ಎಲ್ಲರೂ ಮರೆತರು. ಎರಡನೇ ಮಾತನ್ನು ಇಡೀ ಊರು ಜ್ಞಾಪಕ ಇಟ್ಟುಕೊಂಡಿತು.

ಅದು ಐವತ್ತೇಳನೇ ಇಸವಿ. ಮದುವೆಯಾಗಿ ಜಯನಗರದ ಮೂರನೇ ಬ್ಲಾಕಿಗೆ ಬಂದು ನಾಲ್ಕು ವರ್ಷ ಕಳೆದರೂ ಮಂಗಮ್ಮ ತವರಿಗೆ ಹೋಗುತ್ತಿದ್ದದ್ದು ನಡೆದುಕೊಂಡು, ಇಲ್ಲಾ ಯಾರದ್ದಾದರೂ ಎತ್ತಿನ ಗಾಡಿಯಲ್ಲಿ ಹುರುಳಿ ಮೂಟೆಯ ಪಕ್ಕ. ಊರ ಬಾವಿ ಹತ್ತಿರ ಹೆಂಗಸರು ಕಾದುಕೊಂಡೇ ಇರೋರು.

"ಏನ್ ಮಂಗಿ, ಮೋಟ್ರು ಎಲ್ಲಿ? ಮೈ ತೊಳಕೊಳ್ಳಲಿ ಅಂತ ಕೆರೆಗೆ ಬುಟ್ಟು ಬಂದಾ?"

ಮಂಗಮ್ಮ ಮಾತಿಗೆ ಸೋಲೋ ಹೆಣ್ಣಲ್ಲ. ಏಳನೇ ವಯಸ್ಸಿಂದ ಅಪ್ಪನ ಹನ್ನೊಂದು ಎಮ್ಮೆಗಳನ್ನು ಮೇಯಿಸಿದವಳು. ಅವಳು ಒಂದು ಕೂಗು ಹಾಕಿದರೆ ಕೆರೆ ಮಧ್ಯೆ ಮಲಗಿದ್ದ ಎಮ್ಮೆ ಎದ್ದು ನೀರು ಒದರಿಕೊಂಡು ಬರುತ್ತಿತ್ತು. ಅಂಥವಳಿಗೂ ಈ ಒಂದು ಮಾತಿಗೆ ಜವಾಬು ಇರಲಿಲ್ಲ.

ಅರವತ್ತೊಂದರಲ್ಲಿ ಗಾಡಿ ಬಂತು. ಬಂತು ಅಂದರೆ, ಕೈಗಾಡಿಯ ಮೇಲೆ ಮಲಗಿಕೊಂಡು ಬಂತು. ಯುದ್ಧಕ್ಕೂ ಮುಂಚಿನ ಇಂಗ್ಲಿಷ್ ಗಾಡಿ, ಏರಿಯಲ್ ಅಂತ ಹೆಸರಂತೆ. ದಂಡಿನಲ್ಲಿದ್ದ ಯಾವನೋ ದೊರೆ ಅದನ್ನು ರೇಸಿಗೆ ಓಡಿಸಿದ್ದನಂತೆ. ದೊರೆ ಸೀಮೆಗೆ ಹೋದಮೇಲೆ ಅದರ ಮೇಲೆ ಕೋಳಿಗಳು ಕೂತಿದ್ದವು ಅನ್ನೋದಕ್ಕೆ ಮಾತ್ರ ಅಂತೆಕಂತೆ ಬೇಕಿರಲಿಲ್ಲ, ಗುರುತು ಎದ್ದು ಕಾಣುತ್ತಿತ್ತು.

ಅತ್ತೆ ಲಕ್ಷ್ಮಮ್ಮ ಕುಟ್ಟಾಣಿಯಲ್ಲಿ ಎಲೆ ಅಡಿಕೆ ಕುಟ್ಟುತ್ತಾ ಬಾಗಿಲಿಗೆ ಬಂದರು. "ಗುಜರಿಯೋನು ಮನೆ ತಪ್ಪಿ ಇಲ್ಲಿ ಇಳಿಸ್ತಿದಾನೆ ಕಣೇ. ಕೂಗಿ ಕರಿ, ಹೋಗ್ಬಿಟ್ಟಾನು."

"ಅಮ್ಮಾ, ಇದು ರೇಸ್ ಗಾಡಿ!"

"ಹೌದೇನಪ್ಪ. ಯಾರ ಜೊತೆ ರೇಸು, ತುಕ್ಕಿನ ಜೊತೇನಾ?"

ಗಂಗಾಧರಯ್ಯ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ. ಫೈಲು ಕಟ್ಟೋದು ಬಿಟ್ಟರೆ ಒಂದು ಮೊಳೆ ಹೊಡೆದು ಗೊತ್ತಿಲ್ಲದವನು. ಆದರೆ ಅವತ್ತಿಂದ ಹಿತ್ತಲಲ್ಲಿ ಬಟ್ಟೆ ಒಗೆಯೋ ಕಲ್ಲಿನ ಪಕ್ಕ ಗೋಣಿಚೀಲ ಹಾಸಿಕೊಂಡು ಕೂತವನು ಆರು ತಿಂಗಳು ಮೇಲೆ ಏಳಲಿಲ್ಲ. ಇಂಗ್ಲಿಷ್ ಪುಸ್ತಕವೊಂದನ್ನು ಇಟ್ಟಿಗೆಗೆ ಒರಗಿಸಿ, ಒಂದು ಸಾಲು ಓದೋದು, ಒಂದು ನಟ್ಟು ಬಿಚ್ಚೋದು. ಬಿಚ್ಚಿದ್ದಕ್ಕೆಲ್ಲ ಕಚೇರಿ ಫೈಲಿನ ಹಾಗೆ ಚೀಟಿ ಕಟ್ಟೋದು. ಮಂಗಮ್ಮ ಪಕ್ಕದಲ್ಲಿ ಸೊಪ್ಪು ಬಿಡಿಸುತ್ತಾ ಸ್ಪ್ಯಾನರ್ ಎತ್ತಿ ಕೊಡುತ್ತಿದ್ದಳು. ಅವಳ ಇಡ್ಲಿ ಪಾತ್ರೆಯ ಹಬೆಯಲ್ಲಿ ಇಂಜಿನ್ನಿನ ಅಲ್ಯುಮಿನಿಯಂ ಚಿಪ್ಪು ಬೆಂದಿತು. ಬಿಸಿ ಮಾಡಿದರೆ ಬೇರಿಂಗು ಸಲೀಸಾಗಿ ಕೂರುತ್ತದಂತೆ. ಅವಳ ಬಾಣಲೆಯಲ್ಲಿ ಚೈನು ಎಣ್ಣೆಯಲ್ಲಿ ಕುದಿಯಿತು. ಮಾರನೇ ದಿನ ಹಪ್ಪಳ ಕರಿದರೆ ಮೋಟರ್ ವಾಸನೆ. ಗಂಗಾಧರಯ್ಯ ಮಾತ್ರ "ಇವತ್ತು ಹಪ್ಪಳ ಸಖತ್ತಾಗಿದೆ" ಅಂತ ಎರಡು ಜಾಸ್ತಿ ತಿಂದ.

ಇಷ್ಟೆಲ್ಲ ಅವಳು ಸಹಿಸಿದ್ದು ಒಂದೇ ಆಸೆಗೆ. ಹಳೇ ಹಾಸಿಗೆಯ ತೆಂಗಿನ ನಾರು ಬಿಡಿಸಿ, ಮೇಲೆ ರೆಕ್ಸಿನ್ ಹೊಲಿದು, ಹಿಂದೆ ಕೂರೋದಕ್ಕೆ ದಪ್ಪನೆಯ ಸೀಟು ತಯಾರು ಮಾಡಿ ಇಟ್ಟಿದ್ದಳು.

ಗಾಡಿಗೆ ಕೆಂಪು ಬಣ್ಣ ಬಿದ್ದು, ಹೊಸ ಪಿಸ್ಟನ್ ಕೂತು, ಮೊದಲ ಸಲ 'ದಡ್' ಅಂತ ಬೀದಿಯ ಕಾಗೆಗಳನ್ನೆಲ್ಲ ಎಬ್ಬಿಸಿದ ದಿನ ಮಂಗಮ್ಮ ಸೀಟು ಎತ್ತಿಕೊಂಡು ಬಂದಳು. ನೋಡುತ್ತಾಳೆ, ಗಂಡ ಗರಗಸ ಹಿಡಿದು ಹಿಂದಿನ ಕ್ಯಾರಿಯರನ್ನು ಕೊಯ್ಯುತ್ತಿದ್ದಾನೆ.

"ರೀ, ಏನ್ ಮಾಡ್ತಿದೀರಿ? ನಾನೆಲ್ಲಿ ಕೂತ್ಕೊಳ್ಳಿ?"

"ಇದು ರೇಸ್ ಗಾಡಿ ಕಣೇ. ರೇಸ್ ಗಾಡಿಗೆ ಹಿಂದಿನ ಸೀಟ್ ಇರಲ್ಲ. ಒಂದು ಪೌಂಡ್ ತೂಕ ಇಳಿಸಿದ್ರೂ ಓಟ ಹೆಚ್ಚತ್ತೆ."

"ನಾನು ಎಷ್ಟು ಪೌಂಡು?"

ಗಂಗಾಧರಯ್ಯ ಬಾಯಿ ತೆರೆದ. ಆಮೇಲೆ ಏನೋ ಹೊಳೆದು ಮುಚ್ಚಿಕೊಂಡ.

ವಿಷಯ ಏನೆಂದರೆ, ಅವನ ಕಚೇರಿಯಲ್ಲಿ ಬದರಿನಾಥ ಅಂತ ಒಬ್ಬ. ಅವನ ಹತ್ತಿರ ಹೊಸ ಮೋಟರ್ ಸೈಕಲ್ ಇತ್ತು. "ನಿಮ್ಮ ಅಜ್ಜಿಗೆ ಹಲ್ಲು ಕಟ್ಟಿಸಾಯ್ತೇನ್ರೀ?" ಅಂತ ದಿನಾ ಛೇಡಿಸೋನು. ರೋಷ ಬಂದು ಇವನು, ಬನಶಂಕರಿ ಗುಡಿಯಿಂದ ಕೋಣನಕುಂಟೆ ಕೆರೆ ಏರಿವರೆಗೆ ಪಂದ್ಯ ಅಂತ ಒಪ್ಪಿಕೊಂಡುಬಿಟ್ಟಿದ್ದ.

ಅಂದರೆ ಗಾಡಿ ಕೊನೆಗೂ ಅವಳ ತವರಿಗೇ ಹೋಗುತ್ತದೆ. ಅವಳನ್ನು ಬಿಟ್ಟು.

ಮಂಗಮ್ಮ ಅಳಲಿಲ್ಲ, ಕೂಗಾಡಲಿಲ್ಲ. ಒಳಗೆ ಹೋಗಿ ಕಾಫಿ ಕಾಯಿಸಿ ತಂದುಕೊಟ್ಟಳು. ಅದನ್ನು ನೋಡಿಯಾದರೂ ಗಂಗಾಧರಯ್ಯ ಹುಷಾರಾಗಬೇಕಿತ್ತು.

ಅವನು ಮದ್ರಾಸಿನಿಂದ ಅಂಚೆಯಲ್ಲಿ ಒಂದು ಸಣ್ಣ ಹಿತ್ತಾಳೆ ಸಾಮಾನು ತರಿಸಿದ್ದ. ಜೆಟ್ ಅಂತ ಅದರ ಹೆಸರು. ಕಡಲೆಕಾಳಿನಷ್ಟು ಗಾತ್ರ, ನಡುವೆ ಸೂಜಿ ಮೊನೆಯಷ್ಟು ತೂತು. ಕಾರ್ಬರೇಟರಿನೊಳಗೆ ಕೂತು ಇಂಜಿನ್ನಿಗೆ ಪೆಟ್ರೋಲ್ ಅಳೆದು ಬಿಡೋದು ಅದೇ. ಹಳೇದಕ್ಕಿಂತ ಇದರ ತೂತು ದೊಡ್ಡದು, ಗಾಡಿ ಚಿಗರೆ ಹಾಗೆ ಹಾರುತ್ತೆ ಅಂತ ಅವನು ಕುಣಿದಿದ್ದ. ಹಳೇದನ್ನು ಅವತ್ತೇ ಗುಜರಿಗೆ ಹಾಕಿದ್ದ. ಮಾರನೇ ಬೆಳಿಗ್ಗೆ ನೋಡಿದರೆ ಹೊಸದು ಚೀಟಿಯ ಮೇಲಿಲ್ಲ. ಚೀಟಿ ಇದೆ, ಜೆಟ್ ಇಲ್ಲ.

ಮನೆ ತಲೆಕೆಳಗಾಯಿತು. ರಾಗಿಹಿಟ್ಟು ಜರಡಿ ಹಿಡಿದದ್ದಾಯಿತು, ಅಕ್ಕಿ ಕೇರಿದ್ದಾಯಿತು. ಗಂಡ ಕೇರಿದರೆ ಮೊರದಿಂದ ಅಕ್ಕಿಯೆಲ್ಲ ಚೆಲ್ಲುತ್ತೆ ಅಂತ ಮಂಗಮ್ಮ ತಾನೇ ಕೂತು ಕೇರಿಕೊಟ್ಟಳು, ಪಾಪ.

"ಅಮ್ಮಾ, ಅಡಿಕೆ ಅಂತ ಕುಟ್ಟಾಣಿಗೇನಾದ್ರೂ ಹಾಕ್ಕೊಂಡ್ಯಾ?"

"ಹಲ್ಲಿಲ್ಲದೋಳು ನಾನು, ಹಿತ್ತಾಳೆ ಅಗಿದು ನುಂಗ್ತೀನೇನೋ?" ಲಕ್ಷ್ಮಮ್ಮ ಒಂದು ದಿನ ಅವನ ಜೊತೆ ಮಾತು ಬಿಟ್ಟರು.

ಆ ಜೆಟ್ಟು ಎಲ್ಲಿತ್ತು ಅಂದರೆ, ಗಂಗಾಧರಯ್ಯ ದಿನಕ್ಕೆ ಹತ್ತು ಸಲ ನೋಡುವ ಜಾಗದಲ್ಲೇ ಇತ್ತು. ಮಂಗಮ್ಮನ ಕತ್ತಿನಲ್ಲಿ. ತಾಳಿಯ ಪಕ್ಕದ ಚಿನ್ನದ ಗುಂಡಿಗೂ ಹವಳಕ್ಕೂ ಮಧ್ಯೆ ಅರಿಸಿನದ ದಾರದ ಒಂದು ಎಳೆಯಲ್ಲಿ ಪೋಣಿಸಿ ಕಟ್ಟಿಕೊಂಡು, ಹುಣಿಸೆಹಣ್ಣು ಹಚ್ಚಿ ಪಳಪಳ ಅನ್ನಿಸಿದ್ದಳು. ಕಟ್ಟಿಕೊಂಡ ಗಂಡಸು ಆ ಸರವನ್ನು ಮದುವೆಯ ದಿನ ಬಿಟ್ಟರೆ ಇನ್ನಾವತ್ತೂ ಕಣ್ಣಿಟ್ಟು ನೋಡೋದಿಲ್ಲ ಅಂತ ಅವಳಿಗೆ ಗೊತ್ತಿತ್ತು.

ಹೆಂಗಸರ ಕಣ್ಣು ಹಾಗಲ್ಲವಲ್ಲ. ಎದುರುಮನೆಯ ಸರಸ್ವತಿ ಎರಡೇ ದಿನಕ್ಕೆ ಹಿಡಿದಳು. "ಮಂಗಮ್ಮಾವ್ರೇ, ಇದೇನು ಹೊಸ ನಮೂನೆ ಗುಂಡು? ಆರು ಮೂಲೆ ಚೆನ್ನಾಗಿ ಮಾಡಿದಾರೆ."

"ಮದ್ರಾಸ್ ಕಡೇದು."

"ಮೇಲೇನೋ ನಂಬರ್ ಇದೆಯಲ್ರೀ?"

"ಅಕ್ಕಸಾಲಿ ಗುರುತು."

ಸರಸ್ವತಿ ಹದಿನೈದು ದಿನದಲ್ಲಿ ಚಿನ್ನದಲ್ಲಿ ಅಂಥದ್ದೇ ಒಂದು ಮಾಡಿಸಿಕೊಂಡಳು, ನಂಬರಿನ ಸಮೇತ.

ಲಕ್ಷ್ಮಮ್ಮ ಮಾತ್ರ ಏನೂ ಕೇಳಲಿಲ್ಲ. ಶುಕ್ರವಾರ ಸೊಸೆ ತಾಳಿಗೆ ಅರಿಸಿನ ಕುಂಕುಮ ಹಚ್ಚಿಕೊಳ್ಳುವಾಗ ಕನ್ನಡಕ ಏರಿಸಿ ಒಂದು ಸಲ ನೋಡಿದರು. ಮತ್ತೆ ಎಲೆ ಅಡಿಕೆ ಕುಟ್ಟಿದರು.

ಪಂದ್ಯಕ್ಕೆ ನಾಲ್ಕು ದಿನ ಉಳಿಯಿತು. ಇನ್ನೊಂದು ಜೆಟ್ ಕಳಿಸಿ ಅಂತ ಮದ್ರಾಸಿಗೆ ಬರೆದ ಕಾಗದಕ್ಕೆ ಉತ್ತರ ಬಂದಿರಲಿಲ್ಲ. ಗಂಗಾಧರಯ್ಯನಿಗೆ ಊಟ ಸೇರದು. ಆಗ ಲಕ್ಷ್ಮಮ್ಮ ಬಾಯಿ ಬಿಟ್ಟರು. "ಬನಶಂಕರಮ್ಮನಿಗೆ ಹರಕೆ ಕಟ್ಟಿಕೊಳ್ಳೋ. ಸಾಮಾನು ಸಿಕ್ಕಿದ್ರೆ ಹೆಂಡತೀನ ಗಾಡಿ ಹಿಂದೆ ಕೂರಿಸ್ಕೊಂಡ್ ಬಂದು ದೀಪ ಹಚ್ತೀನಿ ಅನ್ನು."

"ಒಬ್ಬನೇ ಹೋಗಿ ಹಚ್ಚಿದ್ರೆ?"

"ಅವಳೂ ಹೆಣ್ಣು ದೇವರು ಕಣೋ. ಮನೇಲಿ ಹೆಂಡತಿ ಬಿಟ್ಟು ಮೆರೆಯೋಕೆ ಬಂದೋನಿಗೆ ಏನು ಕೊಟ್ಟಾಳು?"

ಗಂಗಾಧರಯ್ಯ ಕೆನ್ನೆ ಕೆನ್ನೆ ಬಡಿದುಕೊಂಡು ಹರಕೆ ಕಟ್ಟಿದ. ಬಾಗಿಲ ಸಂದಿಯಲ್ಲಿ ನಿಂತು ಕೇಳಿದ ಮಂಗಮ್ಮ ಓಡಿದ್ದು ಬಚ್ಚಲಮನೆಗೆ. ಸರ ಬಿಚ್ಚಿ ಜೆಟ್ ಎಳೆದಳು. ಆ ಎಳೆ ಅರಿಸಿನ ಕುಡಿದು ಕಡ್ಡಿಯಾಗಿತ್ತು. ಪಟ್ ಅಂತ ಕಿತ್ತು ಕೈಗೆ ಬಂತು. ಸರ ಮತ್ತೆ ಕಟ್ಟಿಕೊಂಡು, "ರೀ, ಬಚ್ಚಲ ತೂಬಿನ ಹತ್ರ ಏನೋ ಹೊಳೀತಿದೆ!" ಅಂತ ಕೂಗಿದಳು. ಅವಳಿಗೆ ಗೊತ್ತಿಲ್ಲದ್ದು ಒಂದೇ. ಕಿತ್ತ ದಾರದ ತುಂಡು ಜೆಟ್ಟಿನ ತೂತಿನಲ್ಲೇ ಉಳಿದುಕೊಂಡಿತ್ತು.

ಗಂಗಾಧರಯ್ಯ ಅದನ್ನು ಕಣ್ಣಿಗೊತ್ತಿಕೊಂಡು, ಊದಿ ನೋಡೋದನ್ನೂ ಮರೆತು ಹಾಗೇ ತಿರುಗಿಸಿ ಕೂರಿಸಿದ.

ಪಂದ್ಯದ ಭಾನುವಾರ ಬೆಳಿಗ್ಗೆ ಹಿಂದಿನ ಮಡ್ಗಾರ್ಡಿನ ಮೇಲೆ ಸೀಟೂ ಕೂತಿತು. ಎರಡೇ ಬೋಲ್ಟು. "ಗುಡಿ ತನಕ ಮಾತ್ರ. ಅಲ್ಲಿ ಬಿಚ್ಚಿಬಿಡ್ತೀನಿ. ನಾನು ಹೋಗಿ ಗೆದ್ದು ಬರೋ ತನಕ ಜಗುಲಿ ಮೇಲೆ ಕೂತಿರು" ಅಂದ. ಸ್ಪ್ಯಾನರ್ ಜೇಬಿಗಿಟ್ಟುಕೊಂಡ.

ಬನಶಂಕರಿವರೆಗೆ ಗಾಡಿ ಮದುವೆ ಮೆರವಣಿಗೆಯ ಹಾಗೆ ನಿಧಾನವಾಗಿ, ಸುಖವಾಗಿ ಹೋಯಿತು. ಮಂಗಮ್ಮ ಒಂದು ಪಕ್ಕಕ್ಕೆ ಕಾಲು ಇಳಿಬಿಟ್ಟು, ಸೆರಗು ಬಿಗಿಯಾಗಿ ಸುತ್ತಿಕೊಂಡು, ದಾರಿಯಲ್ಲಿ ಸಿಕ್ಕಿದವರನ್ನೆಲ್ಲ ಪರಿಚಯ ಇರಲಿ ಬಿಡಲಿ ಮಾತಾಡಿಸಿದಳು. ದೀಪ ಹಚ್ಚಿ ಆಚೆ ಬಂದರೆ ಬದರಿನಾಥ ಕರೀ ಕನ್ನಡಕ ಹಾಕಿಕೊಂಡು ನಿಂತಿದ್ದಾನೆ.

"ಏನ್ ಗಂಗಾಧರಯ್ಯ, ಅಜ್ಜಿ ಎದ್ದು ಕೂತಿದಾಳಲ್ರೀ!"

ಗಂಗಾಧರಯ್ಯ ಕಿಕ್ ಹೊಡೆದು ಜೋರಾಗಿ ಹಿಡಿ ತಿರುಗಿಸಿದ. ಗಾಡಿ 'ಬುಸ್' ಅಂದು ಸತ್ತಿತು. ಇನ್ನೊಂದು ಸಲ. ಮೆಲ್ಲಗಿದ್ದರೆ ಗುಡುಗುಡು ಅನ್ನುತ್ತೆ, ಜೋರು ಮಾಡಿದರೆ ಉಸಿರು ಕಟ್ಟುತ್ತೆ. ಬೆವರು ಸುರಿಸುತ್ತಾ ಕಾರ್ಬರೇಟರ್ ಬಿಚ್ಚಿದ. ಜೆಟ್ ತೆಗೆದು ಸೂರ್ಯನಿಗೆ ಹಿಡಿದ. ತೂತಿನಲ್ಲಿ ಬೆಳಕಿಲ್ಲ.

"ಏನೋ ಅಡ್ಡ ಇದೆ. ಮಂಗಮ್ಮಾ, ಒಂದು ಪಿನ್ನು ಕೊಡೇ, ಬೇಗ."

ಏನು ಅಡ್ಡ ಇದೆ ಅಂತ ಮಂಗಮ್ಮನಿಗೆ ಆ ಕ್ಷಣವೇ ತಿಳಿಯಿತು. ತಾಳಿ ಸರಕ್ಕೆ ಸಿಕ್ಕಿಸಿಕೊಂಡಿದ್ದ ಮೂರು ಪಿನ್ನುಗಳಲ್ಲಿ ಒಂದನ್ನು ನಿಧಾನವಾಗಿ ಬಿಚ್ಚಿದಳು. ಕೊಡಲಿಲ್ಲ.

"ಸೀಟಿನ ಸ್ಪ್ಯಾನರ್ ಕೊಡಿ."

"ಯಾತಕ್ಕೆ?"

"ಪಿನ್ನು ಬೇಕಾ ಬೇಡವಾ?"

"ಲೇ, ಬದರಿನಾಥ ನೋಡ್ತಿದಾನೆ!"

"ನೋಡ್ಲಿ. ನನ್ನೂರಿಗೆ ಪಂದ್ಯ, ನನ್ನ ಬಿಟ್ಟು ಹೋಗ್ತೀರಾ? ಸ್ಪ್ಯಾನರ್ ಇಲ್ಲಿ, ಪಿನ್ನು ಅಲ್ಲಿ."

ಬೇರೆ ದಾರಿ ಇರಲಿಲ್ಲ. ಕೊಟ್ಟ. ಅವಳು ಅದನ್ನು ಸೊಂಟಕ್ಕೆ ಸಿಕ್ಕಿಸಿ ಸೆರಗು ಮುಚ್ಚಿದಳು. ಗಂಗಾಧರಯ್ಯ ಪಿನ್ನಿನಿಂದ ಚುಚ್ಚಿದ. ತೂತಿನಿಂದ ಮೆಲ್ಲಗೆ ಹೊರಗೆ ಬಂದದ್ದು ಅರ್ಧ ಉಗುರುದ್ದ ಹಳದಿ ದಾರ, ತುದಿಯಲ್ಲಿ ಕುಂಕುಮ. ಅದನ್ನು ನೋಡಿದ. ಆಮೇಲೆ, ಮದುವೆಯ ದಿನದ ನಂತರ ಮೊದಲನೇ ಸಲ, ಹೆಂಡತಿಯ ಸರವನ್ನು ಕಣ್ಣಿಟ್ಟು ನೋಡಿದ. ಗುಂಡಿಗೂ ಹವಳಕ್ಕೂ ಮಧ್ಯೆ ಒಂದು ಜಾಗ ಖಾಲಿ.

ಮಂಗಮ್ಮ ಗೋಪುರದ ಪಾರಿವಾಳ ಎಣಿಸುತ್ತಿದ್ದಳು.

"ಏನ್ರೀ ಅದು ದಾರ?" ಬದರಿನಾಥ ಬಗ್ಗಿದ.

ಗಂಗಾಧರಯ್ಯ ದಾರವನ್ನು ಬೆರಳಲ್ಲಿ ಉಂಡೆ ಮಾಡಿ ಜೇಬಿಗೆ ಹಾಕಿಕೊಂಡ. "ಮದ್ರಾಸಿನೋರು ಹೀಗೇ ಪ್ಯಾಕ್ ಮಾಡಿ ಕಳಿಸ್ತಾರೆ" ಅಂದ. ಆಮೇಲೆ ಹಿಂದೆ ತಿರುಗದೆ, "ಹತ್ತು. ಗಟ್ಟಿಯಾಗಿ ಹಿಡ್ಕೋ" ಅಂದ.

ಸಾರಕ್ಕಿ ದಾಟಿದರೂ ಬದರಿನಾಥನೇ ಮುಂದೆ. ಅವನ ಧೂಳು ಇವರ ಬಾಯಿಗೆ. "ಹೇಳಿದ್ನೋ ಇಲ್ವೋ, ತೂಕ!" ಅಂತ ಗಂಗಾಧರಯ್ಯ ಗಾಳಿಯಲ್ಲಿ ಕಿರುಚಿದ. "ನೀವೇ ಇಳೀರಿ ಹಂಗಾದ್ರೆ, ನಾನು ಓಡಿಸ್ತೀನಿ!" ಅಂತ ಅವಳು ಹಿಂದಿನಿಂದ. ಕೋಣನಕುಂಟೆ ತಿರುವು ತಿರುಗಿದರೆ ರಸ್ತೆ ತುಂಬ ಕರ್ರಗೆ ಎಮ್ಮೆ. ಅವಳ ಅಪ್ಪ ಚಿಕ್ಕಬೈರಪ್ಪನ ಎಮ್ಮೆಗಳು, ಕೆರೆಯ ಕಡೆಗೆ ಹೊರಟಿದ್ದವು. ಮುಂದೆ ಬದರಿನಾಥ ಪೊಂ ಪೊಂ ಪೊಂ ಅಂತ ಹಾರನ್ ಒತ್ತುತ್ತಿದ್ದಾನೆ. ಎಮ್ಮೆಗೆ ಹಾರನ್ ಒತ್ತಿದರೆ ಏನಾಗುತ್ತೆ? ನಿಂತುಕೊಳ್ಳುತ್ತೆ. ಇನ್ನೂ ಒತ್ತಿದರೆ ತಿರುಗಿ ಯಾರು ಅಂತ ನೋಡುತ್ತೆ.

ಮಂಗಮ್ಮ ಗಂಡನ ಭುಜ ಹಿಡಿದು ಅರ್ಧ ಎದ್ದಳು. "ಹೋಽಽಯ್! ಗೌರೀ, ಬಾರೇ ಈ ಕಡೆ! ಹೋ ಹೋ ಹೋಽಽ!"

ನಾಲ್ಕು ವರ್ಷದ ಮೇಲೆ ಎಮ್ಮೆಗಳ ಕಿವಿಗೆ ಆ ಕೂಗು ಬಿತ್ತು. ಹನ್ನೊಂದೂ ತಿರುಗಿ ನೋಡಿ, ಅವಳು ಕೈ ಬೀಸಿದ ಎಡಗಡೆಗೆ ಸರಿದವು. ಬಲಕ್ಕೆ ಓಣಿಯಂತೆ ದಾರಿ ಬಿಟ್ಟಿತು. ಗಂಗಾಧರಯ್ಯ ಹಿಡಿ ತಿರುಗಿಸಿದ. ಏರಿಯಲ್ ಹಾರಿತು. ಎಮ್ಮೆಗಳು ಮಂಗಮ್ಮನ ಹಿಂದೆ ಹೋಗಬೇಕು ಅಂತ ಮತ್ತೆ ರಸ್ತೆ ತುಂಬಿಕೊಂಡವು. ಎಡಗಡೆ ಎಮ್ಮೆಗಳ ನಡುವೆ ಬದರಿನಾಥ ಹಾರನ್ ಒತ್ತುತ್ತಾ ನಿಂತೇ ಇದ್ದ.

ಕೆರೆ ಏರಿಯ ಮೇಲೆ ಬಾವಿ ಹೆಂಗಸರೆಲ್ಲ ಕೊಡ ಕೆಳಗಿಟ್ಟು ನೋಡಿದರು. ಮಂಗಮ್ಮ ಸೀಟಿನಿಂದ ಇಳಿಯೋ ಮೊದಲು ಒಂದು ಗಳಿಗೆ ಹಾಗೇ ಕೂತಿದ್ದಳು.

"ಮೋಟ್ರು ಎಲ್ಲಿ ಅಂತ ಕೇಳ್ತಿದ್ರಲ್ಲ," ಅಂದಳು. "ಕೆರೇಲಿ ಮೈ ತೊಳಕೊಂಡು ಈಗ ಎದ್ದು ಬಂತು."

ಬದರಿನಾಥ, ಇದು ಮೋಸ, ಎಮ್ಮೆ ನಿಮ್ಮ ಮಾವನವು ಅಂತ ವಾದ ಹಾಕಿದ. ಗಂಗಾಧರಯ್ಯ, "ಪಂದ್ಯದಲ್ಲಿ ಹಿಂದಿನ ಸೀಟ್ ಇರಬಾರ್ದು ಅಂತ ಯಾರಾದ್ರೂ ಹೇಳಿದ್ರಾ?" ಅಂತ ಕೇಳಿದ. ಮಂಗಮ್ಮ ಸೆರಗಿನ ಮರೆಯಲ್ಲಿ ನಕ್ಕಳು.

ಸಂಜೆ ಮನೆಗೆ ಬಂದಾಗ ಲಕ್ಷ್ಮಮ್ಮ ಸೊಸೆಯ ಕತ್ತು ನೋಡಿ, "ಗುಂಡು ಅದರ ಜಾಗಕ್ಕೆ ಸೇರ್ತಾ?" ಅಂದರು. ಮಂಗಮ್ಮ ಸೆರಗು ಎಳೆದು ಕತ್ತು ಮುಚ್ಚಿಕೊಂಡಳು. "ಸರಿ ಬಿಡು. ಮುಂದಿನ ಭಾನುವಾರ ನನ್ನ ಕೂರಿಸ್ಕೊಂಡು ಹೋಗು ಅನ್ನು ಅವನಿಗೆ. ಇಷ್ಟು ದಿನ ಬಾಯಿ ಮುಚ್ಚಿಕೊಂಡಿದ್ದಕ್ಕೆ ಅಷ್ಟಾದ್ರೂ ಬೇಡ್ವಾ?"

ಗಾಡಿ ಆ ಮನೆಯಲ್ಲಿ ಹದಿಮೂರು ವರ್ಷ ಇತ್ತು. ಹಿಂದಿನ ಸೀಟಿನ ಬೋಲ್ಟುಗಳನ್ನು ಯಾರೂ ಬಿಚ್ಚಲಿಲ್ಲ. ಆ ಅಳತೆಯ ಸ್ಪ್ಯಾನರ್ ಮಂಗಮ್ಮನ ಅಕ್ಕಿ ಡಬ್ಬದಲ್ಲಿತ್ತು. ಗಂಗಾಧರಯ್ಯನಿಗೆ ಬೇಕಾದಾಗ ಅಡುಗೆಮನೆ ಬಾಗಿಲಿಗೆ ಬಂದು, ಯಾವ ನಟ್ಟು, ಯಾತಕ್ಕೆ, ಎಷ್ಟು ಹೊತ್ತಿಗೆ ಅಂತ ಹೇಳಿ ಇಸಕೊಂಡು ಹೋಗಬೇಕಿತ್ತು. ಅವನು ವಾಪಸು ಕೊಟ್ಟಾಗ ಅವಳು ಹಿತ್ತಲಿಗೆ ಹೋಗಿ ಸೀಟನ್ನು ಒಂದು ಸಲ ಅಲ್ಲಾಡಿಸಿ ನೋಡಿಯೇ ಒಳಗೆ ಬರೋಳು.