ಇಸ್ತ್ರಿ ಅಕ್ಕನ ಹುಲ್ಲು

ನಮ್ಮ ಓಣಿಯ ಇಸ್ತ್ರಿ ಅಕ್ಕ ಮಹಾ ಹಟಮಾರಿ. ಹಿಂದೊಂದು ಮಳೆಗಾಲದಲ್ಲಿ ದೊಡ್ಡ ಮೋರಿ ಉಕ್ಕಿ, ದಂಡೆ ಕುಸಿದು, ಅವಳ ಮನೆಯ ಹಿಂಗೋಡೆಯೂ ಇಸ್ತ್ರಿ ಮೇಜೂ ನೀರುಪಾಲಾದವು. ಆಮೇಲೆ ದಂಡೆಯುದ್ದಕ್ಕೂ ಲಾವಂಚದ ಹುಲ್ಲು ನೆಟ್ಟಳು. ಬಟ್ಟೆಗೆ ಚಿಮುಕಿಸಿ ಉಳಿದ ನೀರನ್ನೇ ಹಾಕಿ ಬೆಳೆಸಿದಳು. "ಹುಲ್ಲೇನೋ ಆಯ್ತು, ಹಸು ಯಾವಾಗ ಬರುತ್ತೆ?" ಎಂದು ಅವಳ ಅತ್ತೆಯೇ ಗೇಲಿ ಮಾಡಿದ್ದಳು. ಬೇರಿಳಿದ ಮೇಲೆ ಹಿಡಿ ಮಣ್ಣೂ ಜಾರಲಿಲ್ಲ.

ಸುದ್ದಿ ನಗರಸಭೆಗೆ ಮುಟ್ಟಿತು. "ನಾಳೆ ದಂಡೆ ನೋಡೋಕೆ ಸಾಹೇಬ್ರು ಬರ್ತಾರಂತೆ" ಎಂದು ಅಕ್ಕ ಓಣಿಗೆಲ್ಲ ಹೇಳಿದಳು. ಮರುದಿನ ಅವಳು ಇಸ್ತ್ರಿ ಬಟ್ಟೆ ಕೊಟ್ಟು ಬರುವಷ್ಟರಲ್ಲಿ ದಂಡೆ ಬೋಳಾಗಿತ್ತು. ಅತ್ತೆಯ ಕೈಯಲ್ಲಿ ಗುದ್ದಲಿ, ಮುಖದ ತುಂಬ ಹೆಮ್ಮೆ.

"ಬಂದಾಗಲೆಲ್ಲ ಗಲೀಜು ಅಂತ ಬೈತಾರಲ್ಲ. ಈ ಸಲ ನಿನ್ನ ಮರ್ಯಾದೆ ಹೋಗಬಾರ್ದು ಅಂತ ಎಲ್ಲರೂ ಸೇರಿ ಬುಡಸಮೇತ ಕಿತ್ವಿ, ನೋಡಮ್ಮಾ!"

ಕಿತ್ತವರಲ್ಲಿ ನಾನೂ ಇದ್ದೆ.

ಸಾಹೇಬರು ಬಂದರು. ತಾನು ಏನು ನೋಡಲು ಬಂದದ್ದೆಂದು ಆ ಪುಣ್ಯಾತ್ಮನಿಗೇ ನೆನಪಿರಲಿಲ್ಲ. "ಪರವಾಗಿಲ್ವೇ, ಕ್ಲೀನಾಗಿ ಇಟ್ಕೊಂಡಿದೀರಿ" ಎಂದರು. ನಾವು ಚಪ್ಪಾಳೆ ತಟ್ಟಿದೆವು.

ಮೋಡ ಆಗಲೇ ಕಟ್ಟಿತ್ತು. ಅಕ್ಕ ಒಳಗೆ ಹೋಗಿ, ಇಸ್ತ್ರಿ ಮೇಜನ್ನು ಹಿಂಗೋಡೆಯಿಂದ ಬಾಗಿಲ ಕಡೆಗೆ ಎಳೆಯತೊಡಗಿದಳು.