ಬೆದರಿಕೆಯ ಖಾನೆಗೆ ಬಿದ್ದ ಮುದ್ದು

ಯರಗುಪ್ಪಿಯ ಶಿವಗಂಗಾ ಏನು ಕೆಲಸ ಮಾಡುತ್ತಾಳೆ ಎಂದು ಕೇಳಿದರೆ ಓಣಿಯವರು ಕಂಪ್ಯೂಟರ್ ಕೆಲಸ ಎಂದು ಹೇಳಿ ಕೈ ತೊಳೆದುಕೊಳ್ಳುತ್ತಾರೆ. ನಿಜ ಹೇಳಬೇಕೆಂದರೆ ಆಕೆಯದು ಬೈಗುಳ ಆರಿಸುವ ಕೆಲಸ. ಮಂದಿ ವಿಡಿಯೋಗಳ ಕೆಳಗೆ ಬರೆದ ಕನ್ನಡ ಕಮೆಂಟುಗಳು ಹೆಸರಿಲ್ಲದೆ ಒಂದೊಂದಾಗಿ ಅವಳ ಲ್ಯಾಪ್‌ಟಾಪಿಗೆ ಬರುತ್ತವೆ. ಬೆದರಿಕೆ ಹೌದೋ ಅಲ್ಲವೋ ಎಂದು ಅವಳು ಒತ್ತಬೇಕು. ಅದನ್ನು ನೋಡಿ ನೋಡಿ ಯಂತ್ರ ಕಲಿಯುತ್ತದೆ, ಆಮೇಲೆ ಬೆದರಿಕೆ ಅನಿಸಿದ್ದನ್ನು ತಾನೇ ಅಳಿಸುತ್ತದೆ. ಬಿ.ಕಾಂ. ಮುಗಿಸಿ ವರ್ಷಗಟ್ಟಲೆ ಮನೆಯಲ್ಲಿ ಕೂತವಳಿಗೆ ಸಿಕ್ಕ ಮೊದಲ ನೌಕರಿ ಇದು. ಎಲ್ಲಿ ಕೈಬಿಟ್ಟು ಹೋಗುತ್ತದೋ ಎಂಬ ಭಯ ಮೊದಲ ದಿನದಿಂದಲೂ ಇತ್ತು.

ಆ ಭಯ ನಿಜವಾಗತೊಡಗಿದ್ದು ನಮ್ಮ ಕಡೆಯ ಒಂದು ಮಾತಿನಿಂದ: ‘ನಿನ್ನ ಹೆಣಾ ಎತ್ತಲಿ.’ ನಮ್ಮಲ್ಲಿ ಅಜ್ಜಿಯರು ಮೊಮ್ಮಕ್ಕಳ ಗಲ್ಲ ಹಿಂಡಿ ಅನ್ನುವ ಮಾತು ಇದು. ನಿಜವಾಗಿ ಸಿಟ್ಟು ಬಂದರೆ ಅವರು ಬೈಯುವುದಿಲ್ಲ, ಮಾತು ಬಿಡುತ್ತಾರೆ. ಶಿವಗಂಗಾ ಇಂಥವನ್ನೆಲ್ಲ ‘ಬೆದರಿಕೆ ಅಲ್ಲ’ ಎಂದು ಒತ್ತಿದಳು. ಎಲ್ಲವೂ ತಪ್ಪೆಂದು ತಿರುಗಿ ಬಂದವು. ಮೇಲೆ ಕೂತು ತಪಾಸಣೆ ಮಾಡುವ ಪುಣ್ಯಾತ್ಮ ಯಾವ ಊರಿನವನೋ, ಅವನಿಗೆ ಬಿಡಿಸಿ ಬರೆದಳು. ಹೆಣ ಎಂದರೆ ಹೆಣವೇ, ಹೀಗೇ ಮುಂದುವರಿದರೆ ನಿಮ್ಮ ಖಾತೆ ಬಂದ್ ಎಂದು ಉತ್ತರ ಬಂತು.

ಮರುದಿನದಿಂದ ಆ ಮಾತು ಕಂಡಲ್ಲೆಲ್ಲ ‘ಬೆದರಿಕೆ’ ಒತ್ತತೊಡಗಿದಳು. ನೌಕರಿ ಉಳಿಯಿತು. ಎದೆ ಮಾತ್ರ ಹಗುರಾಗಲಿಲ್ಲ. ಒತ್ತಿದಾಗಲೆಲ್ಲ ಯಾರದೋ ಅಜ್ಜಿಯ ಬಾಯಿ ಮುಚ್ಚಿದ ಹಾಗೆ ಅನಿಸುತ್ತಿತ್ತು.

ಶ್ರಾವಣದಲ್ಲಿ ಅವಳ ಅವ್ವ ರೇವವ್ವ ಮೊಬೈಲ್ ಹಿಡಿದು ಹತ್ತಿರ ಬಂದಳು. ಕಲಘಟಗಿಯಲ್ಲಿರುವ ಮೊಮ್ಮಗಳು ನಂದಾ ಹಾಕುವ ಡಾನ್ಸ್ ವಿಡಿಯೋಗಳಿಗೆ ರೇವವ್ವ ಮೈಕ್ ಒತ್ತಿ ಬಾಯಿಂದಲೇ ಕಮೆಂಟು ಹಾಕುವಾಕೆ. ಓದು ಬಾರದು. ಏನೋ ಬಂದಿದೆ, ಓದಿ ಹೇಳು ಎಂದಳು.

ನೀವು ಒಬ್ಬರಿಗೆ ಜೀವ ಬೆದರಿಕೆ ಹಾಕಿದ್ದೀರಿ, ನಿಮ್ಮ ಕಮೆಂಟ್ ತೆಗೆಯಲಾಗಿದೆ ಎಂದಿತ್ತು. ಕೆಳಗೆ ಅವ್ವನದೇ ಮಾತು: ‘ಏನ್ ಚಂದ ಕುಣೀತಿ, ನಿನ್ನ ಹೆಣಾ ಎತ್ತಲಿ.’

ಶಿವಗಂಗಾ ಓದಿ ಹೇಳಿದಳು. ರೇವವ್ವ, ಪೊಲೀಸರು ಬರುತ್ತಾರೇನು ಎಂದು ಕೇಳಿದಳು. ಯಂತ್ರದ ತಪ್ಪು, ಯಾರೂ ಬರುವುದಿಲ್ಲ ಎಂದು ಶಿವಗಂಗಾ ಸಮಾಧಾನ ಹೇಳಿದಳು. ಯಂತ್ರಕ್ಕೆ ಕಲಿಸಿದವರು ಯಾರು ಎಂಬುದನ್ನು ಮಾತ್ರ ಹೇಳಲಿಲ್ಲ.

ಅಂದಿನಿಂದ ರೇವವ್ವ ಬೆಕ್ಕನ್ನು ಓಡಿಸುವಾಗಲೂ ಮಾತು ತೂಗತೊಡಗಿದಳು. ರವಿವಾರ ನಂದಾ ಫೋನು ಮಾಡಿ ಹೊಸ ವಿಡಿಯೋ ಹೇಗಿದೆ ಎಂದು ಕೇಳಿದಾಗ, ಚೊಲೊ ಐತಿ ಎಂದಷ್ಟೇ ಹೇಳಿ ಸುಮ್ಮನಾದಳು.

"ಯಾಕ ಅಜ್ಜಿ, ನನ್ನ ಮ್ಯಾಲ ಸಿಟ್ಟ ಬಂದೈತೇನ ನಿನಗ?"

ರೇವವ್ವ ಫೋನನ್ನು ಸೆರಗಿನಲ್ಲಿ ಒತ್ತಿ ಹಿಡಿದು ಮಗಳ ಕಡೆ ತಿರುಗಿದಳು.

"ಫೋನಿನ್ಯಾಗ ಆ ಮಾತ ಅಂದ್ರ ನಡೀತೈತೇನ, ಗಂಗಾ? ಇಲ್ಲೂ ಕೇಳಿಸ್ಕೋತಾರೇನ ಅವರು?"

ಇಲ್ಲ ಎಂದು ಹೇಳಲು ಶಿವಗಂಗಾ ಬಾಯಿ ತೆರೆದಳು. ಅವಳಿಗೇ ಅದು ಖಾತ್ರಿ ಇರಲಿಲ್ಲ.